ಟೇಪ್ ಲೈಬ್ರರಿಯ ರೋಬೋ ಬಲಗಡೆ ಇಳಿಯುವಾಗ ಕರ್ ಅಂತ ನಿಂತುಬಿಡುತ್ತೆ, ಯಾರಿಗಾದರೂ ಹೀಗಾಗಿದೆಯಾ?

ಕಡಲ_ಬ್ಯಾಕಪ್ · ಶುಕ್ರವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವನು ನಾನು. ನಮ್ಮಲ್ಲಿ 48 ಸ್ಲಾಟಿನ ಟೇಪ್ ಲೈಬ್ರರಿ ಉಂಟು, ಅಂದರೆ ಬ್ಯಾಕಪ್ ಟೇಪುಗಳನ್ನು ರೋಬೋ ತಾನೇ ಎತ್ತಿ ಡ್ರೈವಿಗೆ ಹಾಕುವ ಪೆಟ್ಟಿಗೆ. ಒಳಗೆ ಟೇಪ್ ಓದಿ ಬರೆಯುವ ಎರಡು ಡ್ರೈವ್, ಎಲ್‌ಟಿಒ ಅನ್ನುವ ಟೇಪಿನ ಏಳನೇ ಪೀಳಿಗೆಯವು (ಎಲ್‌ಟಿಒ-7). ಎಡಗಡೆ ಮೇಲೊಂದು ಕೆಳಗೊಂದು ಮ್ಯಾಗಜೀನ್ (ಟೇಪ್ ಜೋಡಿಸಿಡುವ, ಹೊರಗೆ ಎಳೆಯಬಹುದಾದ ಗೂಡು), ಬಲಗಡೆಯೂ ಹಾಗೆಯೇ. ನಡುವಿನ ಓಣಿಯಲ್ಲಿ ರೋಬೋ ಓಡಾಡುತ್ತದೆ. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ತಪ್ಪು ಅದರದ್ದೇ ಅಂತ ಇನ್ನೂ ಗೊತ್ತಿಲ್ಲವಲ್ಲ.

ನಿನ್ನೆ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ನಿಂತಿದೆ. ಮೊದಲನೇ ಡ್ರೈವಿನಿಂದ ಟೇಪ್ ತೆಗೆದು 41ನೇ ಸ್ಲಾಟಿಗೆ ಇಡಬೇಕಿತ್ತು. ಅಲ್ಲಿಗೆ ಕೆಲಸ ಕೆಟ್ಟಿತು. ಲಾಗಿನಲ್ಲಿ 04/15/01 ಅಂತ ಇದೆ. ಪ್ಯಾನೆಲ್ ಮೇಲೆ ಹಳದಿ ದೀಪ. ಆಫ್ ಮಾಡಿ ಆನ್ ಮಾಡಿದೆ, ಮೂರು ಸಲ. ಪ್ರತಿ ಸಲವೂ ರೋಬೋ ಎಡಗಡೆ ಚೆನ್ನಾಗಿ ಓಡಾಡುತ್ತದೆ, ಬಲಕ್ಕೆ ತಿರುಗಿ ಕೆಳಗೆ ಇಳಿಯುವಾಗ ಕರ್ ಅಂತ ಸದ್ದು ಮಾಡಿ ನಿಂತುಬಿಡುತ್ತದೆ.

ಸರ್ವಿಸಿನವರಿಗೆ ಫೋನ್ ಮಾಡಿದೆ. ನೋಡದೆಯೇ "ರೋಬೋ ಹೋಗಿದೆ, ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು" ಅಂದರು. ರೇಟು ಕೇಳಿ ತಲೆ ತಿರುಗಿತು. ನಮ್ಮ ಕಾಂಟ್ರಾಕ್ಟ್ ಬೇರೆ ಮುಗಿದಿದೆ. ಎಂತ ಮಾಡುವುದು ಮಾರಾಯ್ರೆ?

ರಾತ್ರಿಪಾಳಿ · ಶುಕ್ರವಾರ, ಬೆಳಿಗ್ಗೆ 9:34

ಮೊದಲು ಆ ಸ್ವಿಚ್ಚಿನಿಂದ ಕೈ ತೆಗೆಯಿರಿ. ನಾಲ್ಕನೇ ಸಲ ಆನ್ ಮಾಡಬೇಡಿ. ಅಡ್ಡ ಏನಾದರೂ ಇದ್ದರೆ ರೋಬೋ ಪ್ರತಿ ಸಲವೂ ಅದಕ್ಕೇ ಹೋಗಿ ಗುದ್ದುತ್ತದೆ. ಈಗ ಕೆಟ್ಟಿಲ್ಲದ ಬೆಲ್ಟು ಆಗ ಕೆಡುತ್ತದೆ.

ಮೂರು ಪ್ರಶ್ನೆ. ರೋಬೋ ಕೈಯಲ್ಲಿ ಈಗ ಟೇಪ್ ಇದೆಯಾ? ಮೂರು ಸಲವೂ ಒಂದೇ ಎತ್ತರದಲ್ಲಿ ನಿಂತಿತಾ, ಬೇರೆ ಬೇರೆ ಕಡೆಯಾ? ಈ ವಾರ ಆ ಮಷಿನ್ ಒಳಗೆ ಹೊಸದಾಗಿ ಏನಾದರೂ ಹೋಗಿದೆಯಾ?

ಧಾರವಾಡದ_ಪೇಡೆ · ಶುಕ್ರವಾರ, ಬೆಳಿಗ್ಗೆ 9:51

ಕರ್ ಅಂತ ಸದ್ದು ಬಂದರೆ ಒಣಗಿದೆ ಅಂತ ಅರ್ಥ ನೋಡ್ರಿ. ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ರೈಲಿಗೆ ಬಿಡ್ರಿ. ನಮ್ಮಲ್ಲಿ ಹಂಗೇ ಮಾಡಿದ್ವಿ, ಸರಿ ಹೋಯ್ತು.

ರಾತ್ರಿಪಾಳಿ · ಶುಕ್ರವಾರ, ಬೆಳಿಗ್ಗೆ 9:55

ದಯವಿಟ್ಟು ಬೇಡ. ಎಣ್ಣೆಗೆ ಧೂಳು ಕೂತುಕೊಳ್ಳುತ್ತದೆ, ಸೆನ್ಸರ್ ಮೇಲೆ ಸಿಡಿಯುತ್ತದೆ. ಅದೇ ಕೈ ಟೇಪನ್ನೂ ಹಿಡಿಯುತ್ತದೆ, ಆ ಟೇಪ್ ಡ್ರೈವಿನೊಳಗೆ ಹೋಗುತ್ತದೆ. ಇದು ಹೊಲಿಗೆ ಮಿಷನ್ ಅಲ್ಲ ಪೇಡೆಯವರೇ.

ಹಳೇ_ಸೈಲೋ · ಶುಕ್ರವಾರ, ಬೆಳಿಗ್ಗೆ 10:40

ರಾತ್ರಿಪಾಳಿಯವರು ಕೇಳಿದ್ದು ಸರಿಯಾದ ಪ್ರಶ್ನೆಗಳು. ಅವು ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಯಸ್ಸಾದವನು, ಮಾತು ಜಾಸ್ತಿ.

04 ಅಂದರೆ ಹಾರ್ಡ್‌ವೇರ್ ದೋಷ. 15/01 ಅಂದರೆ ಹೋಗಬೇಕಾದ ಜಾಗಕ್ಕೆ ಹೋಗಿ ನಿಲ್ಲಲು ಆಗಲಿಲ್ಲ ಅಂತ. ಅಷ್ಟೇ. ರೋಬೋ ಕೆಟ್ಟಿದೆ ಅಂತ ಆ ಕೋಡು ಎಲ್ಲೂ ಹೇಳುವುದಿಲ್ಲ. ಮೋಟಾರಿಗೆ ಕರೆಂಟು ಹೋಗುತ್ತಿದೆ, ಆದರೆ ಎಷ್ಟು ದೂರ ಸರಿಯಿತು ಅಂತ ಎಣಿಸುವ ಎನ್‌ಕೋಡರಿನ ಎಣಿಕೆ ಮುಂದಕ್ಕೆ ಹೋಗುತ್ತಿಲ್ಲ. ಮಷಿನ್ನಿಗೆ ಗೊತ್ತಾಗುವುದು ಇಷ್ಟು ಮಾತ್ರ. ಕಾಲು ಮುರಿದಿದ್ದರೂ ಅದೇ ಕೋಡು, ಬಾಗಿಲಿಗೆ ಯಾರೋ ಅಡ್ಡ ನಿಂತಿದ್ದರೂ ಅದೇ ಕೋಡು.

ಹಾಗಾಗಿ ನಾವು ನೋಡಬೇಕಾದ್ದು ಎಲ್ಲಿ ನಿಲ್ಲುತ್ತದೆ ಅಂತ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಏನೋ ಅಡ್ಡ ಇದೆ. ಮನಸ್ಸಿಗೆ ಬಂದ ಕಡೆ ನಿಂತರೆ ಬೆಲ್ಟು, ಮೋಟಾರು, ಅಥವಾ ರೋಬೋ ಜೊತೆ ಸುತ್ತಿಕೊಂಡು ಬಿಚ್ಚಿಕೊಂಡು ಓಡಾಡುವ ಆ ಚಪ್ಪಟೆ ಕೇಬಲ್ಲನ್ನು ಅನುಮಾನಿಸಿ. ಆ ಕೇಬಲ್ಲಿನ ಮಡಿಕೆಯಲ್ಲಿ ಒಂದು ಎಳೆ ಒಡೆದರೂ ಸಾಕು, ಒಂದು ಕಡೆ ಬಂದಾಗ ಮಾತ್ರ ಸಂಪರ್ಕ ತಪ್ಪುತ್ತದೆ. ಆಗಲೂ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ, ಆದರೆ ಕರ್ ಅಂತ ಸದ್ದು ಬರುವುದಿಲ್ಲ, ಸುಮ್ನೆ ಸತ್ತ ಹಾಗೆ ನಿಲ್ಲುತ್ತದೆ. ನಿಮ್ಮದು ಸದ್ದು ಮಾಡುತ್ತಿದೆ. ಅದು ಒಳ್ಳೆಯ ಸುದ್ದಿ.

ಇನ್ನು ಓಡಾಟ ಚೆನ್ನಾಗಿದ್ದು ಎತ್ತುವಾಗ ಇಡುವಾಗ ಮಾತ್ರ ಜಗಳ ಆದರೆ ಕೋಡೇ ಬೇರೆ ಬರುತ್ತದೆ. 3ಬಿ/0ಡಿ ಬಂದರೆ ಇಡಬೇಕಾದ ಜಾಗ ಆಗಲೇ ತುಂಬಿದೆ. 3ಬಿ/0ಇ ಬಂದರೆ ಎತ್ತಬೇಕಾದ ಜಾಗ ಖಾಲಿ ಇದೆ. ಇವೆರಡೂ ಸಾಮಾನ್ಯವಾಗಿ ರೋಬೋ ಕಾಯಿಲೆ ಅಲ್ಲ, ಲೆಕ್ಕ ತಪ್ಪಿದ್ದು. ಯಾರೋ ಮ್ಯಾಗಜೀನ್ ಹೊರಗೆ ಎಳೆದು ಟೇಪ್ ಅದಲು ಬದಲು ಮಾಡಿ ಸಾಫ್ಟ್‌ವೇರಿಗೆ ಹೇಳಿರುವುದಿಲ್ಲ.

1987ರಲ್ಲಿ ಬಂದ ಸ್ಟೋರೇಜ್‌ಟೆಕ್ 4400 ಅಂತ ಒಂದು ದೈತ್ಯ ಇತ್ತು. ಸಿಲಿಂಡರಿನಂಥ ದೊಡ್ಡ ಕೋಣೆ, ಗೋಡೆ ತುಂಬ ಸುಮಾರು 6000 ಕಾರ್ಟ್ರಿಜ್, ನಡುವೆ ತಿರುಗುವ ತೋಳು. ನನ್ನ ಹೆಸರಿನ ಸೈಲೋ ಅದೇ. ಬಾಗಿಲು ತೆರೆದು ಒಳಗೆ ಹೋಗಿ ನಿಲ್ಲಬಹುದಿತ್ತು, ಅಡ್ಡ ಏನಿದೆ ಅಂತ ಕಣ್ಣಲ್ಲೇ ಕಾಣುತ್ತಿತ್ತು. ಈಗಿನ ಪುಟ್ಟ ಡಬ್ಬಿಗಳಲ್ಲಿ ಅದೇ ತಾಪತ್ರಯ, ಇಣುಕಲು ಅಂಗೈಯಗಲದ ಕಿಟಕಿ.

ಮೋಡದ_ಮನುಷ್ಯ · ಶುಕ್ರವಾರ, ಬೆಳಿಗ್ಗೆ 11:02

ಈ ಕಾಲದಲ್ಲೂ ಟೇಪಾ? ಕ್ಲೌಡಿಗೆ ಹಾಕಿ ಆರಾಮಾಗಿ ನಿದ್ದೆ ಮಾಡಬಾರದಾ?

ರಾತ್ರಿಪಾಳಿ · ಶುಕ್ರವಾರ, ಬೆಳಿಗ್ಗೆ 11:09

2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಕೆಲವರ ಜಿಮೇಲ್ ಖಾಲಿಯಾಗಿತ್ತು. ಗೂಗಲ್ ಅದನ್ನು ವಾಪಸ್ ತಂದದ್ದು ಟೇಪಿನಿಂದ. ಸ್ಲಾಟಿನಲ್ಲಿ ಸುಮ್ಮನೆ ಕೂತ ಟೇಪಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಅಷ್ಟು ಸುಲಭಕ್ಕೆ ಕೈ ಹಾಕಲು ಆಗುವುದಿಲ್ಲ. ಈ ವಾದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಒಬ್ಬರ ರೋಬೋ ಸಿಕ್ಕಿಹಾಕಿಕೊಂಡಿದೆ.

ಕಡಲ_ಬ್ಯಾಕಪ್ · ಶುಕ್ರವಾರ, ಮಧ್ಯಾಹ್ನ 12:15

ಕಿಟಕಿಗೆ ಟಾರ್ಚ್ ಹಿಡಿದು ನೋಡಿದೆ. ಕೈಯಲ್ಲಿ ಟೇಪ್ ಇದೆ, ಅರ್ಧ ಹೊರಗೆ ಚಾಚಿಕೊಂಡಿದೆ. ಮೂರನೇ ಸಲ ಆನ್ ಮಾಡುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದೆ. ಅದನ್ನೇ ನಿಧಾನಕ್ಕೆ ಓಡಿಸಿ ನೋಡಿದರೆ ಬಲಗಡೆ ಕೆಳಗಿನ ಮ್ಯಾಗಜೀನಿನ ಮೇಲಿನ ಸಾಲು ದಾಟುವಾಗಲೇ ನಿಲ್ಲುತ್ತದೆ. ಹಿಂದಿನ ಎರಡು ಸಲವೂ ಅಲ್ಲೇ ಅಂತ ನೆನಪು.

ಹೊಸದು ಅಂದರೆ, ಸೋಮವಾರ ಎಂಟು ಹೊಸ ಟೇಪ್ ಹಾಕಿದೆ. ಕಂಪನಿಯ ಲೇಬಲ್ ಶೀಟ್ ಮುಗಿದಿತ್ತು. ಹಾಗಾಗಿ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಟಿಕ್ಕರ್ ಹಾಳೆ ಮೇಲೆ ಬಾರ್‌ಕೋಡ್ ಪ್ರಿಂಟ್ ಹಾಕಿಸಿ ಅಂಟಿಸಿದೆ. ಆದರೆ ಅವನ್ನು ರೋಬೋ ಸರಿಯಾಗಿಯೇ ಓದಿದೆ. ಮಂಗಳವಾರ ಬುಧವಾರ ಎರಡೂ ದಿನ ಬ್ಯಾಕಪ್ ಆಗಿದೆ.

ಹಳೇ_ಸೈಲೋ · ಶುಕ್ರವಾರ, ಮಧ್ಯಾಹ್ನ 12:31

ಜೆರಾಕ್ಸ್ ಅಂಗಡಿ! ನನಗೆ ಈಗ ಮುಕ್ಕಾಲು ಪಾಲು ಗೊತ್ತಾಯಿತು.

ಓದುವುದು ಬೇರೆ ವಿಷಯ. ಕೋಡ್ 39 ಅನ್ನುವ ಬಾರ್‌ಕೋಡ್ ಶೈಲಿಯಲ್ಲಿ ಎಂಟು ಅಕ್ಷರ ಸರಿಯಾಗಿದ್ದರೆ ರೀಡರ್ ಓದುತ್ತದೆ, ಕಾಗದ ಯಾವುದು ಅಂತ ಅದಕ್ಕೇನು ಗೊತ್ತು? ಎಲ್‌ಟಿಒ ಟೇಪಿನ ಬೆನ್ನಿನ ಮೇಲೆ ಲೇಬಲ್ಲಿಗೆ ಅಂತಲೇ ಸ್ವಲ್ಪ ತಗ್ಗು ಇರುತ್ತದೆ. ಲೇಬಲ್ ಅದರೊಳಗೆ ಕೂರಬೇಕು, ಅಂಚಿನಿಂದ ಹೊರಗೆ ಬರಬಾರದು. ನಿಮ್ಮದು ಉದ್ದ ಜಾಸ್ತಿಯಾಗಿ ಪಕ್ಕಕ್ಕೆ ಮಡಚಿ ಅಂಟಿಸಿದ್ದೀರಾ?

ಮಂಗಳೂರಿನ ತೇವ, ಮೇಲೆ ಡ್ರೈವಿನ ಬಿಸಿ. ಟೇಪ್ ಒಳಗೆ ನಾಲ್ಕೈದು ಗಂಟೆ ಓಡಿ ಹೊರಗೆ ಬರುವಾಗ ಸಾದಾ ಅಂಟು ಬಿಟ್ಟುಕೊಂಡಿರುತ್ತದೆ. ವಾಪಸ್ ಸ್ಲಾಟಿಗೆ ತಳ್ಳುವಾಗ ಎದ್ದ ತುದಿ ಹಿಂದಕ್ಕೆ ಮಡಚಿ ಗೋಡೆಗೂ ಟೇಪಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಟೇಪ್ ಪೂರ್ತಿ ಒಳಗೆ ಹೋಗದೆ ನಾಲ್ಕೈದು ಮಿಲಿಮೀಟರ್ ಓಣಿ ಕಡೆಗೆ ಚಾಚಿ ನಿಲ್ಲುತ್ತದೆ. ರೋಬೋ ಕೈ ಖಾಲಿ ಇದ್ದಾಗ ದಾಟಿ ಹೋಗಲು ಜಾಗ ಸಾಲುತ್ತದೆ. ಕೈಯಲ್ಲಿ ಟೇಪ್ ಇದ್ದಾಗ ಸಾಲುವುದಿಲ್ಲ. ಅದಕ್ಕೇ ಬುಧವಾರ ಸರಿ, ಗುರುವಾರ ಕರ್.

41ನೇ ಸ್ಲಾಟಿನಲ್ಲಿ ತಪ್ಪು ಹುಡುಕಬೇಡಿ. ಲಾಗಿನಲ್ಲಿ ಹೆಸರು ಬಂದಿರುವುದು ರೋಬೋ ಎಲ್ಲಿಗೆ ಹೊರಟಿತ್ತೋ ಅದರದ್ದು. ದಾರಿಯಲ್ಲಿ ಕಾಲು ಚಾಚಿ ಕೂತವನ ಹೆಸರು ಅಲ್ಲಿ ಇರುವುದಿಲ್ಲ.

ಕಡಲ_ಬ್ಯಾಕಪ್ · ಶುಕ್ರವಾರ, ಮಧ್ಯಾಹ್ನ 12:38

ಹೌದು ಸಾರ್, ಮಡಚಿಯೇ ಅಂಟಿಸಿದ್ದು. ಕತ್ತರಿಸಲು ಬೇಜಾರಾಯಿತು. ಮ್ಯಾಗಜೀನ್ ಹೊರಗೆ ತೆಗೆಯುವುದು ಹೇಗೆ? ಮೆನುವಿನಲ್ಲಿ ಅನ್‌ಲಾಕ್ ಒತ್ತಿದರೆ ಆಗುವುದಿಲ್ಲ ಅನ್ನುತ್ತದೆ.

ಹಳೇ_ಸೈಲೋ · ಶುಕ್ರವಾರ, ಮಧ್ಯಾಹ್ನ 1:05

ರೋಬೋ ತನ್ನ ಜಾಗದಲ್ಲಿ ಇಲ್ಲದಿದ್ದರೆ ಮೆನು ಒಪ್ಪುವುದಿಲ್ಲ, ಅದು ಸರಿಯೇ. ಬ್ಯಾಕಪ್ ಸರ್ವಿಸ್ ನಿಲ್ಲಿಸಿ. ಲೈಬ್ರರಿ ಪವರ್ ತೆಗೆಯಿರಿ, ವೈರೇ ಕಿತ್ತುಬಿಡಿ. ಆಮೇಲೆ ಕಿಟಕಿಯಲ್ಲಿ ಇನ್ನೊಮ್ಮೆ ನೋಡಿ. ರೋಬೋ ಕೈ ಯಾವುದಾದರೂ ಸ್ಲಾಟಿನೊಳಗೆ ಅರ್ಧ ಹೋಗಿ ನಿಂತಿದ್ದರೆ ಆ ಮ್ಯಾಗಜೀನ್ ಮುಟ್ಟಲೇಬೇಡಿ, ಎಳೆದರೆ ಕೈಯೇ ಮುರಿಯುತ್ತದೆ. ಆಗ ಸರ್ವಿಸಿನವರೇ ಬರಲಿ. ಕೈ ಓಣಿಯಲ್ಲೇ ಇದ್ದರೆ ಮುಂದುವರಿಯಬಹುದು.

ಪ್ರತಿ ಮ್ಯಾಗಜೀನಿಗೂ ಕರೆಂಟಿಲ್ಲದಾಗ ಬಿಡಿಸಲು ಒಂದು ಪುಟ್ಟ ತೂತು ಇರುತ್ತದೆ. ಮುಂದೆಯೋ ಹಿಂದೆಯೋ ಅನ್ನುವುದು ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಸಿಗುತ್ತದೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒತ್ತಿ ಹಿಡಿದು, ಇನ್ನೊಬ್ಬರ ಕೈಯಲ್ಲಿ ಮ್ಯಾಗಜೀನ್ ಎಳೆಸಿ. ಮೊದಲು ಎಡಗಡೆ ಕೆಳಗಿನದು ತೆಗೆಯಿರಿ. ಅಲ್ಲಿಂದ ಬಲಗಡೆ ಏನಾಗಿದೆ ಅಂತ ನೋಡಲು ಜಾಗ ಆಗುತ್ತದೆ. ಬಲಗಡೆಯದು ಎಳೆಯುವಾಗ ತಡೆದರೆ ಜೋರು ಮಾಡಬೇಡಿ. ಚಾಚಿಕೊಂಡ ಟೇಪು ಮುಂದಿನ ಚೌಕಟ್ಟಿಗೆ ತಗಲುತ್ತದೆ.

ಕಡಲ_ಬ್ಯಾಕಪ್ · ಶುಕ್ರವಾರ, ಸಂಜೆ 6:50

ಈಗಷ್ಟೇ ಕೈ ತೊಳೆದು ಬಂದೆ. ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಎಡಗಡೆಯದು ಸಲೀಸಾಗಿ ಬಂತು. ಆ ಖಾಲಿ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಎದುರಿಗೆ ಬಲಗಡೆಯ ಹನ್ನೆರಡು ಟೇಪಿನ ಬೆನ್ನು. ಹನ್ನೊಂದು ಒಂದೇ ಸಮ ಕೂತಿವೆ, ಮೇಲಿನ ಸಾಲಿನಲ್ಲಿ ಎರಡನೆಯದು ಮಾತ್ರ ಬಚ್ಚಲ ಗೋಡೆಯ ಸಡಿಲ ಟೈಲ್ಸಿನ ಹಾಗೆ ಮುಂದೆ ಬಂದಿದೆ. ಅದರ ಅಂಚಿನಲ್ಲಿ ಹೊಸ ಗೀಚು, ಬಿಳಿ ಪುಡಿ. ರೋಬೋ ಗುದ್ದಿದ್ದು ಅಲ್ಲೇ.

ಸಾರ್ ಹೇಳಿದ್ದರೂ ಬಲಗಡೆಯದು ಒಮ್ಮೆ ಎಳೆದು ನೋಡಿದೆ. ಎರಡು ಬೆರಳಿನಷ್ಟು ಬಂತು, ಟಕ್ ಅಂತ ನಿಂತಿತು. ವಾಪಸ್ ತಳ್ಳಿದೆ. ಆಮೇಲೆ ಅಕೌಂಟ್ಸಿನವರ ಹತ್ತಿರ ಒಂದಡಿಯ ಪ್ಲಾಸ್ಟಿಕ್ ಸ್ಕೇಲು ತಂದು, ಎಡಗಡೆಯಿಂದ ಅಡ್ಡಲಾಗಿ ಬಿಟ್ಟು ಆ ಟೇಪನ್ನು ಮೆಲ್ಲಗೆ ಒತ್ತಿದೆ. ಪೂರ್ತಿ ಹೋಗಲಿಲ್ಲ, ಆದರೆ ಚೌಕಟ್ಟು ದಾಟುವಷ್ಟು ಒಳಗೆ ಹೋಯಿತು. ಮ್ಯಾಗಜೀನ್ ಹೊರಗೆ ಬಂತು.

ಲೇಬಲ್ಲಿನ ಮಡಚಿದ ತುದಿ ಒಣಗಿದ ಬಾಳೆ ಎಲೆಯ ಹಾಗೆ ಸುರುಳಿ ಸುತ್ತಿ, ಮೂರು ಪದರವಾಗಿ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು. ಬೆರಳಿನಲ್ಲಿ ಮುಟ್ಟಿದರೆ ಅಂಟು ಹಲಸಿನ ಮೇಣದ ಹಾಗೆ. ಉಳಿದ ಏಳು ಟೇಪ್ ನೋಡಿದೆ. ಇನ್ನೂ ಎರಡರ ತುದಿ ಏಳಲು ಶುರುವಾಗಿದೆ.

ಸರ್ವಿಸಿನವರು ಇದಕ್ಕೇ ಪೂರ್ತಿ ರೋಬೋ ಬದಲಾಯಿಸಲು ಹೊರಟಿದ್ದರು.

ಸರ್ವರ್‌ರೂಮ್_ಸೊಳ್ಳೆ · ಶುಕ್ರವಾರ, ಸಂಜೆ 7:15

ನೀವು ಪುಣ್ಯವಂತರು. ಅದು ಸ್ಲಾಟಿನಲ್ಲಿ ಬಿಚ್ಚಿಕೊಂಡಿತು. ನಮ್ಮಲ್ಲಿ ಒಂದು ಲೇಬಲ್ ಡ್ರೈವಿನೊಳಗೆ ಬಿಚ್ಚಿಕೊಂಡು ಟೇಪ್ ಹೊರಗೇ ಬರಲಿಲ್ಲ. ಡ್ರೈವನ್ನೇ ಹೊರಗೆ ತೆಗೆಯಬೇಕಾಯಿತು. ಆಗಲೂ ಲಾಗಿನಲ್ಲಿ ಬೈಗುಳ ತಿಂದದ್ದು ರೋಬೋ.

ಇನ್ನೊಂದು ಕೇಸು. ರ‍್ಯಾಕನ್ನು ಪಕ್ಕದ ರೂಮಿಗೆ ಸಾಗಿಸಿದ ಮೇಲೆ ರೋಬೋ ಅಲ್ಲಾಡಲೇ ಇಲ್ಲ. ಅರ್ಧ ದಿನ ಕೇಬಲ್ಲು, ಫರ್ಮ್‌ವೇರ್ ಅಂತ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ನೋಡಿದರೆ, ಸಾಗಿಸುವಾಗ ರೋಬೋ ಅಲುಗಾಡದಿರಲಿ ಅಂತ ಮೇಲಿನಿಂದ ಹಾಕುವ ಲಾಕ್ ಹಾಗೆಯೇ ಇತ್ತು. ಹಾಕಿದವನು ನಾನೇ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ರಾತ್ರಿಪಾಳಿ · ಶುಕ್ರವಾರ, ರಾತ್ರಿ 8:02

ಸಾಗಿಸಿದ ಮಾತು ಬಂತಲ್ಲ, ರ‍್ಯಾಕ್ ಓರೆ ಇದ್ದರೂ ಹೀಗಾಗುತ್ತದೆ. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಲೈಬ್ರರಿಯ ನಾಲ್ಕು ಮೂಲೆಯ ಸ್ಕ್ರೂಗಳಲ್ಲಿ ಒಂದನ್ನು ಮಾತ್ರ ಬಿಗಿ ಮಾಡಿದರೂ ತಗಡಿನ ಪೆಟ್ಟಿಗೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಒಳಗಿನ ರೈಲು ಕೂಡ. ಒಂದರ ಮೇಲೊಂದು ಮಾಡ್ಯೂಲ್ ಪೇರಿಸುವ ಮಾಡೆಲ್ಲುಗಳಲ್ಲಿ ಇದು ಇನ್ನೂ ಜಾಸ್ತಿ. ಎರಡು ಮಾಡ್ಯೂಲನ್ನು ಸೇರಿಸುವ ಲಾಕ್ ಸರಿಯಾಗಿ ಹಾಕದಿದ್ದರೆ, ರೋಬೋ ಗಡಿ ದಾಟುವ ಜಾಗದಲ್ಲೇ ಎಡವುತ್ತದೆ.

ಕಡಲ_ಬ್ಯಾಕಪ್, ರೋಬೋ ಕೈಯಲ್ಲಿದ್ದ ಟೇಪ್ ಏನಾಯಿತು?

ಕಡಲ_ಬ್ಯಾಕಪ್ · ಶನಿವಾರ, ಬೆಳಿಗ್ಗೆ 10:20

ಕೆಟ್ಟ ಲೇಬಲ್ಲಿನ ಎಂಟೂ ಟೇಪ್ ಹೊರಗೆ ತೆಗೆದು ಆನ್ ಮಾಡಿದೆ. ಈ ಸಲ ಮೇಲಿಂದ ಕೆಳಗೆ ತಡೆಯಿಲ್ಲದೆ ಓಡಿತು. ಕೈಯಲ್ಲಿದ್ದ ಟೇಪನ್ನು ಮೆನುವಿನಿಂದಲೇ 41ಕ್ಕೆ ಕಳಿಸಿದೆ, ಹೋಯಿತು. ಹಸಿರು ದೀಪ.

ಆದರೆ ಖುಷಿ ಹತ್ತು ನಿಮಿಷ. ಸಾಫ್ಟ್‌ವೇರ್ ಇನ್ನೂ ಮೊದಲನೇ ಡ್ರೈವಿನಲ್ಲಿ ಟೇಪ್ ಇದೆ ಅನ್ನುತ್ತಿದೆ. ಎರಡನೇ ಡ್ರೈವಿನಲ್ಲಿ ನಿಜವಾಗಿ ಇರುವ ಟೇಪ್ ತೆಗೆಯಲು ಹೋದರೆ 53/02. ಇದೆಂತದ್ದು ಮತ್ತೆ?

ರಾತ್ರಿಪಾಳಿ · ಶನಿವಾರ, ಬೆಳಿಗ್ಗೆ 10:33

ಎರಡೂ ಸಾಫ್ಟ್‌ವೇರಿನ ತಂಟೆ. ಮೊದಲನೆಯದಕ್ಕೆ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಇನ್ವೆಂಟರಿ (ಯಾವ ಟೇಪ್ ಎಲ್ಲಿದೆ ಅನ್ನುವ ಲೆಕ್ಕ) ಓಡಿಸಿ. ಲೈಬ್ರರಿಯ ಇನ್ವೆಂಟರಿ ಬೇರೆ, ಸಾಫ್ಟ್‌ವೇರಿನ ಪುಸ್ತಕ ಬೇರೆ. ಲಿನಕ್ಸ್ ಆದರೆ ಎಂಟಿಎಕ್ಸ್ ಸ್ಟೇಟಸ್ (mtx status) ಅನ್ನುವ ಕಮಾಂಡ್ ಕೊಟ್ಟು ಲೈಬ್ರರಿ ಏನನ್ನುತ್ತದೆ ನೋಡಿ, ಅದನ್ನೇ ನಂಬಿ.

53/02 ಅಂದರೆ ಟೇಪ್ ಹೊರಗೆ ಬಿಡಬೇಡ ಅಂತ ಯಾರೋ ಡ್ರೈವಿಗೆ ಹೇಳಿದ್ದಾರೆ. ಬ್ಯಾಕಪ್ ಓಡುವಾಗ ಸಾಫ್ಟ್‌ವೇರ್ ಹಾಗೆ ಬೀಗ ಹಾಕುತ್ತದೆ, ಮುಗಿದ ಮೇಲೆ ತೆಗೆಯುತ್ತದೆ. ನಿಮ್ಮದು ನಡುವೆ ಸತ್ತಿತಲ್ಲ, ಸರ್ವಿಸ್ ಮತ್ತೆ ಶುರುವಾದಾಗ ಆ ಟೇಪಿಗೆ ಬೀಗ ಹಾಕಿ ಹಾಗೇ ಬಿಟ್ಟಿರಬೇಕು. ಸರ್ವಿಸ್ ನಿಲ್ಲಿಸಿ, ಎಂಟಿ ಆಫ್‌ಲೈನ್ (mt offline) ಕಮಾಂಡ್ ಕೊಟ್ಟರೆ ಡ್ರೈವ್ ತಾನೇ ಟೇಪನ್ನು ಸುತ್ತಿ ಹೊರಗೆ ತಳ್ಳಬೇಕು. ಕೇಳದಿದ್ದರೆ ಆ ಡ್ರೈವನ್ನು ಮಾತ್ರ ಮೆನುವಿನಿಂದ ರೀಸ್ಟಾರ್ಟ್ ಮಾಡಿ.

ಎಲ್‌ಟಿಒ_ಒಂಬತ್ತು · ಶನಿವಾರ, ಮಧ್ಯಾಹ್ನ 2:40

ನಾನೂ ಒಂದು ಕೇಳಲಾ? ನಮ್ಮದು ಹೊಸ ಎಲ್‌ಟಿಒ-9. ಹೊಸ ಟೇಪ್ ಹಾಕಿದರೆ ರೋಬೋ ಡ್ರೈವಿಗೆ ಕೊಡುತ್ತದೆ, ಆಮೇಲೆ ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ. ಸಾಫ್ಟ್‌ವೇರ್ ಟೈಮ್‌ಔಟ್ ಆಗಿ ರೋಬೋ ಎರರ್ ಅನ್ನುತ್ತದೆ.

ಹಳೇ_ಸೈಲೋ · ಶನಿವಾರ, ಮಧ್ಯಾಹ್ನ 3:12

ನಿಮ್ಮ ರೋಬೋ ಆರೋಗ್ಯವಾಗಿದೆ. ಎಲ್‌ಟಿಒ-9 ಟೇಪನ್ನು ಮೊದಲ ಸಲ ಡ್ರೈವಿಗೆ ಹಾಕಿದಾಗ ಡ್ರೈವ್ ಅದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಒಂದು ಟೇಪಿಗೆ ಎರಡು ಗಂಟೆವರೆಗೂ ಹಿಡಿಯಬಹುದು, ಆದರೆ ಒಂದೇ ಸಲ. ಮಧ್ಯದಲ್ಲಿ ಎಬ್ಬಿಸಬೇಡಿ. ಟೈಮ್‌ಔಟ್ ಹೆಚ್ಚಿಸಿ, ಇಲ್ಲವೇ ಹೊಸ ಟೇಪುಗಳನ್ನು ಹಗಲಲ್ಲೇ ಒಂದೊಂದಾಗಿ ಹಾಕಿ ಮುಗಿಸಿಕೊಳ್ಳಿ.

ಟೇಪ್ ಗೋಡೌನಿನಿಂದ ಬಂದಿದ್ದರೆ ಇಪ್ಪತ್ತನಾಲ್ಕು ಗಂಟೆ ಸರ್ವರ್ ರೂಮಿನಲ್ಲೇ ಇಟ್ಟು ಆಮೇಲೆ ಹಾಕಿ. ಕೆಳಗೆ ಬಿದ್ದ ಟೇಪ್ ಆದರೆ ಅದರ ಪುಟ್ಟ ಬಾಗಿಲನ್ನು ಬೆರಳಿನಲ್ಲಿ ಸರಿಸಿ, ಒಳಗಿನ ಉಕ್ಕಿನ ಪಿನ್ ತನ್ನ ಜಾಗದಲ್ಲಿ ಇದೆಯಾ ನೋಡಿ. ಡ್ರೈವ್ ಟೇಪನ್ನು ಎಳೆದುಕೊಳ್ಳುವುದು ಆ ಪಿನ್ ಹಿಡಿದು. ಅದು ಜಾರಿದ್ದರೆ ಲೋಡ್ ಆಗುವುದಿಲ್ಲ. ಅಲ್ಲೂ ಯಾರ ಮೇಲೆ ಗೂಬೆ ಕೂರಿಸುತ್ತಾರೆ ಅಂತ ಹೇಳಬೇಕಿಲ್ಲ ಅಲ್ವಾ.

ಕಡಲ_ಬ್ಯಾಕಪ್ · ಮಂಗಳವಾರ, ಬೆಳಿಗ್ಗೆ 8:45

ಶನಿವಾರವೇ ಎರಡೂ ಸರಿಯಾಯಿತು. ಎಂಟಿ ಆಫ್‌ಲೈನ್ ಕೊಟ್ಟ ಕೂಡಲೇ ಟೇಪ್ ಹೊರಗೆ ಬಂತು. ಎಂಟು ಟೇಪಿನ ಹಳೇ ಅಂಟು ಉಜ್ಜಿ ತೆಗೆಯುವುದಕ್ಕೇ ಭಾನುವಾರ ಹೋಯಿತು, ಆ ಅಂಟು ಸುಲಭಕ್ಕೆ ಬಿಡುವಂಥದ್ದಲ್ಲ. ಗುದ್ದು ತಿಂದ ಟೇಪನ್ನು ಬೇರೆ ಇಟ್ಟಿದ್ದೇನೆ. ಅದರಲ್ಲಿದ್ದ ಬ್ಯಾಕಪ್ ಬೇರೆ ಟೇಪಿಗೆ ಮತ್ತೆ ಹಾಕಿದ್ದಾಯಿತು. ಸರಿಯಾದ ಲೇಬಲ್ ಆರ್ಡರ್ ಮಾಡಿದ್ದೇನೆ, ಬರುವವರೆಗೆ ಹಳೇ ಟೇಪುಗಳಲ್ಲೇ ದೂಡುವುದು.

ನಿನ್ನೆ ರಾತ್ರಿ ಪೂರ್ತಿ ಬ್ಯಾಕಪ್ ಓಡಿತು. 3:40ಕ್ಕೆ ಎದ್ದು ಫೋನಿನಲ್ಲಿ ನೋಡಿದೆ, ಮುಗಿದಿತ್ತು. ಮತ್ತೆ ನಿದ್ದೆ ಬರಲಿಲ್ಲ, ಅದು ಬೇರೆ. ಎಲ್ಲರಿಗೂ ಥ್ಯಾಂಕ್ಸ್. ಸಾರ್, ಮಂಗಳೂರಿಗೆ ಬಂದರೆ ಹೇಳಿ, ಗಡ್‌ಬಡ್ ನನ್ನ ಲೆಕ್ಕದಲ್ಲಿ.

ಧಾರವಾಡದ_ಪೇಡೆ · ಮಂಗಳವಾರ, ಬೆಳಿಗ್ಗೆ 9:30

ಒಂದು ಕೇಳ್ತೀನಿ, ಬೈಬ್ಯಾಡ್ರಿ. ನಮ್ಮಲ್ಲಿ ಎಣ್ಣೆ ಹಾಕಿ ಎರಡು ವರ್ಷ ಆಗೇದ. ಈ ಚರ್ಚೆ ಓದಿ ಹೋಗಿ ಕಿಟಕಿಯಾಗ ನೋಡಿದ್ರ ರೈಲಿನ ಮ್ಯಾಲೆ ಕಪ್ಪಗೆ ಜಿಡ್ಡು ಕೂತೇತಿ. ಈಗ ಏನು ಮಾಡೂದು?

ಹಳೇ_ಸೈಲೋ · ಮಂಗಳವಾರ, ಬೆಳಿಗ್ಗೆ 9:48

ಬೈಯುವುದಿಲ್ಲ. ಮೊದಲು ಒಂದು ಟೇಪ್ ಹೊರಗೆ ತೆಗೆದು, ಅಂಚಿನ ಮೇಲೆ ಬಿಳಿ ಟಿಶ್ಯೂ ಎಳೆದು ನೋಡಿ. ಕಪ್ಪು ಬಂತಾ, ಹೇಳಿ.